ಮೂರು ಮುಳ್ಳು, ಎರಡು ದೀಪ

ಅವಿನಾಶನ ಕಾಲೆರಡೂ ಕಾರಿನ ಹೊರಗಿದ್ದವು. ತಲೆ ಸ್ಟೇರಿಂಗಿನ ಕೆಳಗೆ ಬ್ರೇಕ್ ಪೆಡಲಿಗೆ ಒರಗಿಕೊಂಡಿತ್ತು. ಬಾಯಲ್ಲಿ ಟಾರ್ಚು, ಬಲಗೈಯಲ್ಲಿ ಕಿತ್ತಳೆ ಬಣ್ಣದ ತಂತಿ, ಎಡಗೈಯಲ್ಲಿ ಎಲ್ಲಿಂದ ಬಂತೆಂದು ಆತನಿಗೇ ಗೊತ್ತಿಲ್ಲದ ಇನ್ನೊಂದು ತಂತಿ. ಎರಡನ್ನೂ ಹೊಸೆದು ಟೇಪು ಸುತ್ತುವಷ್ಟರಲ್ಲಿ ಹಿಂದಿನ ಸೀಟಿನಿಂದ ಒಂದು ಊರುಗೋಲು ಬಂದು ಆತನ ಹೊಟ್ಟೆಗೆ ತಿವಿಯಿತು.

"ಏನೋ ಅವಿ, ಸತ್ತೀಯೋ ಬದುಕೀಯೋ?"

"ಆತು ಆಯಿ, ಆತು," ಎಂದ ಅವಿನಾಶ. ಟಾರ್ಚು ಬಾಯಲ್ಲಿದ್ದುದರಿಂದ ಅದು ಕಟ್ಟಿಹಾಕಿದ ಆಡಿನ ದನಿಯಂತೆ ಕೇಳಿಸಿತು.

ಕೋಲಿನ ಇನ್ನೊಂದು ತುದಿಯಲ್ಲಿ ಆತನ ಅಜ್ಜಿ ರತ್ನಾಬಾಯಿ ಕುಳಿತಿದ್ದಳು. ಇಳಕಲ್ ಸೀರೆ, ಹಣೆತುಂಬ ವಿಭೂತಿ, ಪಕ್ಕದಲ್ಲಿ ಒಂದು ಗಂಟು. ಕರಜಗಿಯ ತವರುಮನೆಯಲ್ಲಿ ತಮ್ಮನ ಮೊಮ್ಮಗಳ ತೊಟ್ಟಿಲು ಇತ್ತು. ಆ ಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರುವ ಹಕ್ಕು ಮನೆಯ ಹಿರಿಯ ಮಗಳಾದ ಅವಳದು. ಈ ಸಲದ ಹೆಸರನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಎಲೆ ಅಡಿಕೆಯ ಜೊತೆಗೆ ಅದನ್ನೂ ದವಡೆಯಲ್ಲಿ ಒತ್ತಿಟ್ಟುಕೊಂಡಂತೆ ತುಟಿ ಬಿಗಿದುಕೊಂಡಿದ್ದಳು.

ಕಾರು ಅವಿನಾಶನದು. ಸೆಕೆಂಡ್ ಹ್ಯಾಂಡ್, ನೀಲಿ ಬಣ್ಣ, ಟರ್ಬೊ ಎಂಜಿನ್ನು. ಹಿಂದಿನ ಮಾಲೀಕ ಅದನ್ನು ನೆಲಕ್ಕೆ ತಗ್ಗಿಸಿ ಸೈಲೆನ್ಸರಿಗೆ ಗಂಡುದನಿ ಕೊಟ್ಟಿದ್ದ. ಸೊಲ್ಲಾಪುರದ ಬಾಳೀವೇಸಿನ ಇಕ್ಕಟ್ಟು ಓಣಿಯಲ್ಲಿ ಅದು ಮೊದಲ ಗೇರು ದಾಟಿದ್ದೇ ಅಪರೂಪ. ಅಪ್ಪ ಸಾತಲಿಂಗಪ್ಪನಿಗೆ ಚಾದರದ ಸಗಟು ವ್ಯಾಪಾರ. ಆತನ ಕಣ್ಣಿಗೆ ಒಂದೇ ಒಂದು ಗಂಟು ಚಾದರ ಹಿಡಿಯದ ಡಿಕ್ಕಿ ಇರುವ ವಾಹನ ವಾಹನವೇ ಅಲ್ಲ. ಆದರೂ ತಡೆದುಕೊಂಡಿದ್ದ. ಹೋದ ತಿಂಗಳು ಮಂಗಳವೇಢೆಯ ಮದುವೆಗೆ ಹೋಗುವಾಗ ಜೋಳದ ಹೊಲಗಳ ನಟ್ಟನಡುವೆ ಕಾರು ಹೊಗೆ ಬಿಟ್ಟು ನಿಂತಿತು. ರತ್ನಾಬಾಯಿ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಕುಳಿತು ಮದುವೆಮನೆ ಮುಟ್ಟಿದಾಗ ಅಕ್ಷತೆ ಬಿದ್ದು, ಮಂದಿ ಉಂಡು, ಕೈ ತೊಳೆಯುತ್ತಿದ್ದರು.

ಅವತ್ತೇ ಸಾತಲಿಂಗಪ್ಪ ತೀರ್ಪು ಹೇಳಿದ್ದ. "ಮಂದ್ರೂಪದ ಶೈಲೇಶ ತನ್ನ ಟೆಂಪೋ ಕೊಟ್ಟು ಈ ಗಾಡಿ ತಗೊಂತೀನಿ ಅಂತಾನ. ಅಂಗಡಿಗೆ ಟೆಂಪೋ ಬೇಕಾಗೇದ. ಕರಜಗಿಗೆ ಅವ್ವನ್ನ ಕರ್ಕೊಂಡು ಹೋಗು. ತಿರುಗಿ ಬಂದು ಅವ್ವ ಹೂಂ ಅಂದ್ರ ಗಾಡಿ ನಿಂದು. ಉಹೂಂ ಅಂದ್ರ ಶೈಲ್ಯಾಂದು. ಮುಗೀತು."

ಅದಕ್ಕೇ ಈ ಮೂರು ಗೇಜು. ಪಾರ್ಸಲ್ಲಿನಲ್ಲಿ ತರಿಸಿದ ಮುಳ್ಳಿನ ಮೀಟರುಗಳು. ಒಂದು ಟರ್ಬೊ ಎಷ್ಟು ಗಾಳಿ ಒತ್ತುತ್ತದೆ ಎಂದು ತೋರಿಸುವ ಬೂಸ್ಟ್ ಗೇಜು, ಒಂದು ಎಂಜಿನ್ ಆಯಿಲಿನ ಒತ್ತಡದ್ದು, ಇನ್ನೊಂದು ಅದೇ ಆಯಿಲಿನ ಕಾವಿನದು. ಮುಂಗಾಜಿನ ಬಲಗಡೆಯ ಕಂಬಕ್ಕೆ ಒಂದರ ಮೇಲೊಂದು ಕುಳಿತು ಅವು ಮೂರು ಕಣ್ಣಿನ ಗೂಬೆಯಂತೆ ಕಾಣುತ್ತಿದ್ದವು. ಎಂಜಿನ್ನಿನ ಹೊಟ್ಟೆಯಲ್ಲಿ ಏನು ನಡೆದಿದೆ ಎಂದು ಮೊದಲೇ ಗೊತ್ತಾದರೆ ಇನ್ನೊಂದು ಮಂಗಳವೇಢೆ ಆಗುವುದಿಲ್ಲ ಎನ್ನುವುದು ಅವಿನಾಶನ ಲೆಕ್ಕ. ಬಾನೆಟ್ಟಿನ ಒಳಗಿನ ಜೋಡಣೆಯನ್ನು ಮೆಕ್ಯಾನಿಕ್ ಕಲ್ಲಣ್ಣ ಮಾಡಿಕೊಟ್ಟಿದ್ದ. "ತಂತಿ ಕೆಲಸ ಸಂಜೀಕ ಮಾಡ್ತೀನಿ, ನೀ ಕೈ ಹಚ್ಚಬ್ಯಾಡ," ಎಂದೂ ಹೇಳಿದ್ದ. ಅವಿನಾಶ ಸಂಜೆಯವರೆಗೆ ಕಾಯುವ ಪೈಕಿ ಅಲ್ಲ. ವಿಡಿಯೋ ನೋಡಿದ್ದ. ವಿಡಿಯೋದಲ್ಲಿ ಆ ಮನುಷ್ಯ ಶಿಳ್ಳೆ ಹಾಕುತ್ತ ಮಾಡಿ ಮುಗಿಸಿದ್ದ.

ಅವಿನಾಶ ಎದ್ದು ಕುಳಿತು ಚಾವಿ ತಿರುವಿದ. ಎಂಜಿನ್ನು ಗುಡುಗಿತು. ಮೂರೂ ಮುಳ್ಳು ಸೊನ್ನೆಯಲ್ಲೇ ಮಲಗಿದ್ದವು.

ಬಡಿದು ನೋಡಿದ. ಹಾರ್ನ್ ಒತ್ತಿದ. ವೈಪರ್ ಹಾಕಿದ. ಕೊನೆಗೆ ಹೆಡ್‌ಲೈಟ್ ಹಚ್ಚಿದ. ಮೂರೂ ಮುಳ್ಳು ಹೆಡ್ಮಾಸ್ತರು ಒಳಗೆ ಬಂದಂತೆ ಎದ್ದು ನಿಂತವು.

ಕಿತ್ತಳೆ ತಂತಿ ಚಾವಿಯ ಕರೆಂಟಿಗೆ ಸೇರಬೇಕಿತ್ತು. ಸೇರಿದ್ದು ಹೆಡ್‌ಲೈಟಿನದಕ್ಕೆ. ದೀಪ ಉರಿದರೆ ಗೇಜು, ಇಲ್ಲದಿದ್ದರೆ ಇಲ್ಲ. ಬಿಚ್ಚಿ ಮತ್ತೆ ಮಾಡೋಣವೆಂದರೆ ಕೋಲು ಎರಡನೆಯ ಸಲ ಮೇಲೇಳುತ್ತಿತ್ತು.

"ಹಂಗ ಹೋಗೋಣ ಆಯಿ."

"ನಿಲ್ಲು. ಹೊಸಾ ಸಾಮಾನ ಹಂಗ ಹೆಂಗ ಒಯ್ತೀಯೋ?" ರತ್ನಾಬಾಯಿ ಮುಂದೆ ಬಾಗಿ ಮೂರೂ ಗೇಜಿನ ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದು ನಡುವೆ ಒಂದೊಂದು ಕುಂಕುಮದ ಬೊಟ್ಟು ಇಟ್ಟಳು. ಆಯಿಲ್ ಕಾವಿನ ಮುಳ್ಳು ಬೊಟ್ಟಿನ ಹಿಂದೆ ಅಡಗಿತು. ಅವಿನಾಶ ಒರೆಸಲು ಕೈ ಎತ್ತಿದ, ಕೋಲನ್ನು ನೋಡಿ ಇಳಿಸಿದ.

ಅಷ್ಟರಲ್ಲಿ ಮುಂದಿನ ಬಾಗಿಲು ತೆರೆದುಕೊಂಡಿತು. ಎದುರುಮನೆಯ ಉಮಾಬಾಯಿ ಒಂದು ತೆಂಗಿನಕಾಯಿ ಹಿಡಿದುಕೊಂಡು ಒಳಗೆ ಬಂದು ಕುಳಿತೇಬಿಟ್ಟಳು. "ಇವತ್ತ ಗುರುವಾರ, ಸ್ವಾಮಿ ವಾರ. ಅಕ್ಕಲಕೋಟದಾಗ ಗುಡಿ ಮುಂದ ಇಳಿಸಿ ಹೋಗ್ರಿ. ಎಸ್.ಟಿ. ಬಸ್ಸಿನೊಳಗ ನಿಂದ್ರಾಕ ಜಾಗಾ ಇರಂಗಿಲ್ಲ." ಸೀಟ್ ಬೆಲ್ಟನ್ನು ತೆಂಗಿನಕಾಯಿಗೂ ಸೇರಿಸಿ ಹಾಕಿಕೊಂಡು ಆಕೆ ಕಂಬದತ್ತ ನೋಡಿದಳು. "ಯಾಕಪಾ ಅವಿ, ಮೂರ ಗಡಿಯಾರ ಹಾಕ್ಸೀಯಿ? ಒಂದರಾಗೂ ಟೈಮ್ ಬರೋಬರ ಇಲ್ಲ."

ಅವಿನಾಶನಿಗೆ ಒಂದು ಚಟ ಇತ್ತು. ಗುಟ್ಕಾ ಅಲ್ಲ, ಇಸ್ಪೀಟಲ್ಲ. ವಿವರಿಸಿ ಹೇಳುವ ಚಟ. ಯಂತ್ರದ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಆತ ಮೊದಲಿನಿಂದ ಹಿಡಿದು ಕೊನೆಯ ತನಕ ಹೇಳದೆ ಬಿಡುತ್ತಿರಲಿಲ್ಲ. ಆದರೆ ಆತನ ಇಡೀ ಆಯುಷ್ಯದಲ್ಲಿ ಯಾರೂ ಕೊನೆಯ ತನಕ ಕೇಳಿರಲಿಲ್ಲ.

"ಗಡಿಯಾರ ಅಲ್ಲ ಮೌಶಿ. ಇದು ಬೂಸ್ಟ್ ಗೇಜು. ಟರ್ಬೊ ಅಂದ್ರ ಒಂದು ಫ್ಯಾನ್ ಇದ್ದಂಗ. ಅದು ಗಾಳಿ ಒತ್ತಿದಾಗ..."

"ಅಂದ್ರ ಬಿ.ಪಿ."

"ಹಂಗಲ್ಲ, ಗಾಳಿ ಒಳಗ ಹೋಗೋ ಪೈಪಿನಾಗ..."

"ಬಿ.ಪಿ.ನ ಅದು. ನಮ್ಮನಿಯಾಗ ಮಷಿನ್ ಅದ, ನನಗ ಗೊತ್ತಿಲ್ಲೇನು? ಕೆಳಗಿಂದು?"

"ಆಯಿಲ್ ಪ್ರೆಶರ್."

"ಅದೂ ಬಿ.ಪಿ. ಮ್ಯಾಲಿಂದು, ಕೆಳಗಿಂದು, ಎರಡ ಇರ್ತಾವ. ಮೂರನೇದು?"

"ಆಯಿಲ್ ಟೆಂಪರೇಚರ್."

"ಜ್ವರ," ಎಂದಳು ಉಮಾಬಾಯಿ, ಹಿಂದೆ ತಿರುಗಿ ರತ್ನಾಬಾಯಿಗೆ ತಿಳಿಯಲೆಂದು. "ಗಾಡಿಗೆ ದವಾಖಾನಿ ಜೋಡಿಸ್ಯಾನ್ರಿ."

ಅಕ್ಕಲಕೋಟ ರಸ್ತೆಗೆ ಬಿದ್ದ ಮೇಲೆ ಎರಡು ಸಂಗತಿ ಒಟ್ಟಿಗೆ ಶುರುವಾದವು. ಮೊದಲನೆಯದು ಉಮಾಬಾಯಿಯದು. ಅವಿನಾಶ ಎಕ್ಸಲರೇಟರ್ ಒತ್ತಿದಾಗಲೆಲ್ಲ ಬೂಸ್ಟಿನ ಮುಳ್ಳು ಏರುತ್ತಿತ್ತು. ಅದು ಏರಿದಾಗಲೆಲ್ಲ ಆಕೆ ಆತನ ಭುಜ ಹಿಡಿದು, "ಏರ್ತು, ಏರ್ತು! ಸಾವಕಾಶ! ನಮ್ಮ ಯಜಮಾನ್ರೂ ಹಿಂಗ ಬಿ.ಪಿ. ಏರಿ ಅಡ್ಡ ಬಿದ್ದಾರ," ಎನ್ನುತ್ತಿದ್ದಳು. ಹೀಗಾಗಿ ಹೆದ್ದಾರಿಯ ಮೇಲೆ ಎಲ್ಲವನ್ನೂ ಹಿಂದೆ ಹಾಕಬೇಕಾದ ಕಾರನ್ನು ಮೊದಲು ಒಂದು ರಿಕ್ಷಾ, ಆಮೇಲೆ ಒಂದು ಹಾಲಿನ ಕ್ಯಾನಿನ ಮೋಟಾರ್‌ಸೈಕಲ್ಲು, ಆಮೇಲೆ ಇನ್ನೊಂದು ಹಾಲಿನ ಕ್ಯಾನಿನ ಮೋಟಾರ್‌ಸೈಕಲ್ಲು ದಾಟಿ ಹೋದವು.

ಎರಡನೆಯದು ದೀಪದ್ದು. ಹಾಡಹಗಲಲ್ಲಿ ಯಾರದೋ ಗಾಡಿಯ ದೀಪ ಉರಿಯುತ್ತಿದ್ದರೆ ನಮ್ಮ ಜನಕ್ಕೆ ತಡೆದುಕೊಳ್ಳಲು ಆಗುವುದಿಲ್ಲ. ನಡುರಸ್ತೆಯಲ್ಲಿ ಬಿದ್ದವನನ್ನು ನೋಡಿಯೂ ನಿಲ್ಲದವರು ಕೂಡ ಈ ವಿಷಯದಲ್ಲಿ ಮಾತ್ರ ಸುಮ್ಮನೆ ಹೋಗುವುದಿಲ್ಲ. ಕೈ ಎತ್ತುತ್ತಾರೆ, ಐದೂ ಬೆರಳು ಕೂಡಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕೂಡಿಸುತ್ತಾರೆ. ದೀಪ ಉರಿದಿದೆ ಮಾರಾಯ, ಆರಿಸು ಎಂದು ಅರ್ಥ. ಎದುರಿನಿಂದ ಬಂದ ಲಾರಿಯವನು ಬೆರಳು ಬಿಚ್ಚಿದ. ಎಸ್.ಟಿ. ಡ್ರೈವರ್ ಬಿಚ್ಚಿದ. ಪಂಕ್ಚರ್ ಅಂಗಡಿಯವನು ಟೈರು ಬಿಟ್ಟು ಎದ್ದು ನಿಂತು ಎರಡೂ ಕೈಯಿಂದ ಬಿಚ್ಚಿದ.

ಹಿಂದಿನ ಸೀಟಿನಲ್ಲಿ ರತ್ನಾಬಾಯಿ ಮೊದಲ ಲಾರಿಯವನಿಗೆ ತಲೆ ಆಡಿಸಿದಳು. ಎಸ್.ಟಿ. ಡ್ರೈವರಿಗೆ ಕೈ ಎತ್ತಿದಳು. ಪಂಕ್ಚರ್ ಅಂಗಡಿಯವನಿಗೆ ಕಿಟಕಿಯ ಹತ್ತಿರ ಸರಿದು ಎರಡೂ ಕೈ ಜೋಡಿಸಿದಳು.

"ಇಂವ ಯಾರೋ?"

"ಗೊತ್ತಿಲ್ಲ ಆಯಿ."

"ನಮಗ ಗುರ್ತ ಇರಲಿಕ್ಕಿಲ್ಲ. ಅವರಿಗೆ ನಮ್ಮ ಗುರ್ತ ಅದ." ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಈ ಹಾದಿಗುಂಟ ಯಾವ ಮನಿಯಾಗ ನಮ್ಮ ಅಂಗಡಿ ಚಾದರ ಇಲ್ಲ, ಹೇಳು? ಚಳಿಗಾಲದಾಗ ಬೆಚ್ಚಗ ಮಲಗಿದ ಮಂದಿ ಮರೀತಾರೇನು? ನಿಮ್ಮ ಅಜ್ಜ ಗಳಿಸಿದ್ದು ಇದು. ಕಬ್ಬಿನ ಟ್ರ್ಯಾಕ್ಟರಿನಾಗ ಕೂತಾಗ ಒಬ್ಬನಾದ್ರೂ ಕೈ ಎತ್ತಿದ್ನಾ? ಗಾಡಿ ಅಂದ್ರ ಇಂಥಾದ್ದು ಇರಬೇಕು ನೋಡು. ಮಂದಿಗೆ ನಾವು ಕಾಣಿಸ್ತೀವಿ."

ಅವಿನಾಶ ವಿವರಿಸಲು ಬಾಯಿ ತೆರೆದ. "ಏರ್ತು!" ಎಂದಳು ಉಮಾಬಾಯಿ. ಬಾಯಿ ಮುಚ್ಚಿದ. ಕನ್ನಡಿಯಲ್ಲಿ ಅಜ್ಜಿಯ ಮುಖ ನೋಡಿದ. ಅಂಥ ಮುಖ ಆತ ಬಹಳ ದಿನದಿಂದ ನೋಡಿರಲಿಲ್ಲ. ಗಾಡಿ ಅಂದರೆ ಇಂಥದ್ದು ಇರಬೇಕು. ಮುಚ್ಚಿದ ಬಾಯಿಯನ್ನು ಹಾಗೆಯೇ ಇಟ್ಟುಕೊಂಡ. ಚಟದ ಮನುಷ್ಯನಿಗೆ ಅದು ಸುಲಭದ ಕೆಲಸವಲ್ಲ.

ಒಮ್ಮೆ ಮಾತ್ರ, ಕುಂಭಾರಿ ದಾಟಿದ ಮೇಲೆ, ದೀಪ ಆರಿಸಿ ನೋಡಿದ. ಮೂರೂ ಮುಳ್ಳು ಕೆಳಗೆ ಬಿದ್ದವು. ಯಾಕೆ ಬಿದ್ದವೆಂದು ಗೊತ್ತಿತ್ತು. ಎಂಜಿನ್ನು ಹಾಡಿಕೊಂಡು ಓಡುತ್ತಲೇ ಇತ್ತು. ಆದರೂ ಆಯಿಲ್ ಪ್ರೆಶರ್ ಸೊನ್ನೆ ಎಂದು ಕಂಡಕೂಡಲೇ ಆತನಿಗೆ ಮಂಗಳವೇಢೆ ನೆನಪಾಯಿತು. ಮತ್ತೆ ದೀಪ ಹಚ್ಚಿದ.

ಉಮಾಬಾಯಿ ಸುಮ್ಮನಿರಲಿಲ್ಲ. ಕುಂಕುಮದ ಬೊಟ್ಟಿನಿಂದ ಜ್ವರದ ಮುಳ್ಳು ಸ್ವಲ್ಪ ಹೊರಗೆ ಇಣುಕುತ್ತಿದ್ದುದನ್ನು ಆಕೆ ಕಂಡಳು. "ಜ್ವರ ಏರಾಕತ್ತದ, ತಣ್ಣಗ ಮಾಡು," ಎಂದು ತಾನೇ ಏಸಿಯ ಗುಂಡಿಯನ್ನು ಕೊನೆಯ ತನಕ ತಿರುವಿದಳು. "ಮೌಶಿ, ಏಸಿ ನಮಗ, ಎಂಜಿನ್ನಿಗಲ್ಲ. ಏಸಿ ಅಂದ್ರ..." "ಹೊರಗ ಬಿಸಲ ಅದ, ಇರ್ಲಿ ಬಿಡು," ಎಂದು ಆಕೆ ಸೆರಗು ಹೊದ್ದುಕೊಂಡಳು. ಹಿಂದೆ ರತ್ನಾಬಾಯಿಗೆ ಮೊಣಕಾಲು ಹಿಡಿದುಕೊಂಡವು. ಗಂಟು ಬಿಚ್ಚಿ, ಕೂಸಿಗೆಂದು ತಂದ ಬಿಳಿಯ ಚಾದರ ತೆಗೆದು, ಸೀಟಿನ ಉದ್ದಕ್ಕೆ ಕಾಲು ಚಾಚಿ, ತಲೆಯಿಂದ ಹೆಬ್ಬೆರಳಿನ ತನಕ ಹೊದ್ದು ಮಲಗಿಬಿಟ್ಟಳು. ವಳಸಂಗ ಬರುವಷ್ಟರಲ್ಲಿ ಗೊರಕೆಯೂ ಇರಲಿಲ್ಲ. ಅಷ್ಟು ಗಾಢ ನಿದ್ದೆ.

ಅಕ್ಕಲಕೋಟದ ಬಾಯಿಗೆ ಬ್ಯಾರಿಕೇಡ್ ಇತ್ತು. ಗುರುವಾರದ ಗದ್ದಲ, ಗಾಡಿಗಳನ್ನೆಲ್ಲ ಊರ ಹೊರಗಿನ ಹಾದಿಗೆ ತಿರುಗಿಸುತ್ತಿದ್ದರು. ಪೊಲೀಸನೊಬ್ಬ ಉರಿಯುವ ದೀಪ ನೋಡಿ ಐದು ಬೆರಳು ಬಿಚ್ಚುತ್ತ ಹತ್ತಿರ ಬಂದ.

"ದಿವಸಾ ಲೈಟ್ ಕಶಾಲಾ?" ಹಗಲಲ್ಲಿ ದೀಪ ಯಾಕೆಂದು ಮರಾಠಿಯಲ್ಲಿ ಕೇಳಿದ.

"ಸಾಹೇಬ, ಅದು ಏನಂದ್ರ, ಗೇಜಿನ ತಂತಿ..." ಎಂದು ಅವಿನಾಶ ಸಂಭ್ರಮದಿಂದ ಶುರು ಮಾಡಿದ.

ಉಮಾಬಾಯಿಗೆ ಗುಡಿ ದೂರವಾಗುವ ಅಂಜಿಕೆ. ಆಕೆ ಅವಿನಾಶನ ಮೇಲೆ ಬಾಗಿ ಕಿಟಕಿಗೆ ಮುಖ ತಂದಳು. "ಪೇಶಂಟ್ ಆಹೇ ಸಾಹೇಬ! ಸೀರಿಯಸ್!"

ಪೊಲೀಸ ಹಿಂದಿನ ಕಿಟಕಿಯಲ್ಲಿ ಇಣುಕಿದ. ಬಿಳಿಯ ಚಾದರ, ಒಳಗೆ ಉದ್ದಕ್ಕೆ ಮಲಗಿದ ಆಕಾರ, ಮುಂದೆ ಕಂಬದ ತುಂಬ ವಿಭೂತಿ. ಆತನ ಮುಖ ಮೆತ್ತಗಾಯಿತು. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಚಾರೀ ಇಂಡಿಕೇಟರ್ ಲಾವ, ಬಾಳಾ," ಎಂದು ಮೆಲ್ಲಗೆ ಹೇಳಿ, ನಾಲ್ಕೂ ಇಂಡಿಕೇಟರು ಹಾಕಿಸಿ, ಬ್ಯಾರಿಕೇಡ್ ತಾನೇ ಸರಿಸಿ, ಶಿಳ್ಳೆ ಊದುತ್ತ ಜನರನ್ನು ಅತ್ತಿತ್ತ ಮಾಡಿ ಕಾರಿನ ಮುಂದೆ ನಡೆಯತೊಡಗಿದ. "ಸಾವಕಾಶ ಜಾ. ಆತಾ ಘಾಯಿ ಕಸಲೀ."

ಸೀರಿಯಸ್ ಪೇಶಂಟಿಗೆ ಅವಸರವಿಲ್ಲ ಎಂದು ಆತ ಯಾಕೆ ಹೇಳಿದ ಎನ್ನುವುದು ಅವಿನಾಶನಿಗೆ ಆಗ ಹೊಳೆಯಲಿಲ್ಲ. ಆತನ ಗಮನ ಆಯಿಲ್ ಪ್ರೆಶರಿನ ಮೇಲಿತ್ತು.

ಗುಡಿಯ ಹತ್ತಿರ ಉಮಾಬಾಯಿ ಇಳಿದಳು. ಅಲ್ಲಿ ಚಹಾ ಕುಡಿಯುತ್ತಿದ್ದ ಮಲಕಾಜಪ್ಪ ಓಡಿಬಂದ. ಆತ ಕರಜಗಿಯವನೇ. ರತ್ನಾಬಾಯಿಯ ತವರುಮನೆಯ ಪಕ್ಕದ ಹೊಲ ಆತನದು. ಕಾರು ಯಾರದೆಂದು ಆತನಿಗೆ ಗೊತ್ತಿತ್ತು. ಮಂಗಳವೇಢೆಯ ಕತೆ ಅಷ್ಟು ದೂರ ಹಬ್ಬಿತ್ತು. ಉರಿಯುವ ದೀಪ, ಮಿಣುಕುವ ನಾಲ್ಕು ಇಂಡಿಕೇಟರು, ಬರಿತಲೆಯ ಪೊಲೀಸ, ಹಿಂದಿನ ಸೀಟಿನ ಬಿಳಿಯ ಚಾದರ, ಎಲ್ಲವನ್ನೂ ನೋಡಿ ಆತ ಉಮಾಬಾಯಿಯ ಕಡೆ ತಿರುಗಿದ.

"ಏನಾತ್ರಿ ಬಾಯಾರಿಗೆ?"

ಪೊಲೀಸ ಪಕ್ಕದಲ್ಲೇ ನಿಂತಿದ್ದ. ಆಡಿದ ಸುಳ್ಳನ್ನು ಆತನೆದುರು ನುಂಗುವ ಹಾಗಿರಲಿಲ್ಲ. ಉಮಾಬಾಯಿ ತೆಂಗಿನಕಾಯಿ ಸಮೇತ ಎರಡೂ ಕೈಯನ್ನು ಮೇಲಕ್ಕೆತ್ತಿದಳು. "ಎಲ್ಲಾ ಆ ಸ್ವಾಮಿ ಕೈಯಾಗ ಅದಪಾ," ಎಂದು ಗದ್ದಲದಲ್ಲಿ ಮಾಯವಾದಳು.

ಮಲಕಾಜಪ್ಪ ಚಹಾದ ಗ್ಲಾಸು ಕೆಳಗಿಟ್ಟು ಟೊಪ್ಪಿಗೆ ತೆಗೆದ. ಕಿಸೆಯಿಂದ ಫೋನು ತೆಗೆದ. ಕನ್ನಡಿಯಲ್ಲಿ ಅದನ್ನು ನೋಡಿದ ಅವಿನಾಶ, ಪಾಪ, ಈತನೂ ಆಯಿಗೆ ಮರ್ಯಾದೆ ಮಾಡಿದ ಎಂದುಕೊಂಡು ಕರಜಗಿಯ ಹಾದಿ ಹಿಡಿದ. ನಾಲ್ಕು ಇಂಡಿಕೇಟರು ಆರಿಸಲು ಮರೆತಿದ್ದ.

ರತ್ನಾಬಾಯಿ ಎಚ್ಚರಾದಾಗ ಎರಡೂ ಕಡೆ ತೊಗರಿಯ ಹೊಲ. ಎದುರಿಗೆ ಬಂದ ಎಸ್.ಟಿ. ಬಸ್ಸು ರಸ್ತೆಯ ಅಂಚಿಗೆ ಇಳಿದು ನಿಂತಿತು. ಕುರಿ ಕಾಯುವವನು ಹಿಂಡನ್ನೆಲ್ಲ ಹೊಲಕ್ಕೆ ಹೊಡೆದು, ಕಂಬಳಿ ಹೆಗಲಿನಿಂದ ಇಳಿಸಿ ಕೈ ಮುಗಿದ. ಕಟ್ಟೆಯ ಮೇಲೆ ಕುಳಿತವರು ಎದ್ದರು. ಇಲ್ಲಿ ಯಾರೂ ಬೆರಳು ಬಿಚ್ಚಲಿಲ್ಲ. ಎಲ್ಲರೂ ಎರಡು ಕೈ ಜೋಡಿಸಿ ತಲೆ ಬಾಗಿಸಿದರು. ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು.

"ನೋಡೋ ಅವಿ," ಎಂದಳು ರತ್ನಾಬಾಯಿ. "ಸೊಲ್ಲಾಪುರದ ಮಂದಿ ಒಂದ ಕೈ ಎತ್ತಿದ್ರು. ತವರಿನ ಮಂದಿ ಎರಡೂ ಕೈ ಮುಗೀತಾರ. ಆಯಿ ಬಂದ್ಲು ಅಂತ ಕಣ್ಣಾಗ ನೀರ ತಂದಾರ."

ಆಕೆ ಕಿಟಕಿಯ ಗಾಜು ಇಳಿಸಿ ಮುಖ ಹೊರಗೆ ಹಾಕಿದಳು. ಎದುರಿನಿಂದ ಬರುತ್ತಿದ್ದ ಸೈಕಲ್ಲಿನವನು ಕಾರಿಗೆ ಕೈ ಮುಗಿಯಲು ಹ್ಯಾಂಡಲ್ ಬಿಟ್ಟಿದ್ದ. ಬಿಳಿ ಚಾದರ ಹೊದ್ದ ರತ್ನಾಬಾಯಿ ನಕ್ಕು ತಲೆ ಆಡಿಸಿದ್ದನ್ನು ನೋಡಿ ಸೈಕಲ್ಲಿನ ಸಮೇತ ತಗ್ಗಿಗೆ ಇಳಿದುಹೋದ.

"ಸೈಕಲ್ಲಿಂದ ಕೆಳಗ ಇಳಿದ ನೋಡು! ಹಳೇ ಕಾಲದ ಮರ್ಯಾದಿ," ಎಂದಳು ರತ್ನಾಬಾಯಿ. ಆಮೇಲೆ ಸೀಟಿಗೆ ಒರಗಿ, "ನಿಮ್ಮಪ್ಪಗ ನಾ ಹೇಳ್ತೀನಿ. ಈ ಗಾಡಿ ಮನಿ ಬಿಟ್ಟು ಹೋಗಬಾರದು," ಎಂದಳು.

ಅವಿನಾಶ ಗೇಜು ನೋಡಿದ. ಪ್ರೆಶರಿನ ಮುಳ್ಳು ನಟ್ಟನಡುವೆ ನಿಂತಿತ್ತು. ಈ ಲೋಕದಲ್ಲಿ ಎಲ್ಲವೂ ಇರಬೇಕಾದಲ್ಲಿಯೇ ಇತ್ತು.

ತವರುಮನೆಯ ಅಂಗಳದಲ್ಲಿ ಜನ ಸೇರಿದ್ದರು. ಗಂಡಸರು ಟೊಪ್ಪಿಗೆ ತೆಗೆದು ನಿಂತಿದ್ದರು. ಮಂದ್ರೂಪದ ಶೈಲೇಶನ ಟೆಂಪೋ ಬೇವಿನ ಗಿಡದ ಕೆಳಗೆ ನಿಂತಿತ್ತು. ಶೈಲೇಶ ಸಾತಲಿಂಗಪ್ಪನ ಅಕ್ಕನ ಮಗ. ಅವತ್ತೇ ಗಾಡಿ ಅದಲುಬದಲು ಆದೀತೆಂದು ಟೆಂಪೋ ತೊಳೆಸಿ ಬಂದಿದ್ದ. ಈಗ ಆತನ ಕಣ್ಣು ಕೆಂಪಾಗಿದ್ದವು. ಬಾಗಿಲ ಮುಂದೆ ಒಂದು ಹೊರಸು ಹಾಕಿದ್ದರು. ಕಾರು ನಿಂತಕೂಡಲೇ ಶೈಲೇಶ ಇನ್ನಿಬ್ಬರನ್ನು ಕರೆದುಕೊಂಡು ಬಂದು ಹಿಂದಿನ ಬಾಗಿಲು ತೆರೆದು, ಎತ್ತಲೆಂದು ಒಳಗೆ ಕೈ ಚಾಚಿದ.

ಒಳಗಿನಿಂದ ಕೋಲು ಬಂತು.

ಇಬ್ಬರು ಓಡಿದರು. ಶೈಲೇಶ ಓಡಲಿಲ್ಲ. ಬಾಗಿದವನು ಬಾಗಿದಂತೆಯೇ ಉಳಿದ. ರತ್ನಾಬಾಯಿ ಆತನ ಭುಜ ಹಿಡಿದುಕೊಂಡು ಕೆಳಗಿಳಿದಳು. "ಹಿಂಗಿರಬೇಕು ಹುಡುಗ್ರು. ಅವಿ ಒಮ್ಮೇರ ಬಾಗಲಾ ತಗದಾನೇನು?" ಎಂದಳು. ಯಾರೋ ಹೆಂಗಸು ಚೀರಿದಳು. ಇನ್ಯಾರೋ ದೇವರ ಹೆಸರು ಹೇಳತೊಡಗಿದರು.

ಅಷ್ಟೂ ಜನರಲ್ಲಿ ಒಬ್ಬನೇ ಒಬ್ಬ ಹೆದರದೆ ಮುಂದೆ ಬಂದ. ಆಕೆಯ ತಮ್ಮ ಕಲ್ಯಾಣಪ್ಪ. ಮನೆಯ ಯಜಮಾನ, ಕಿವಿ ಮಂದ. "ಬಾ ಅಕ್ಕ. ಯಾಕ ಇಷ್ಟ ತಡಾ? ಎಲ್ಲಾ ಮುಗದ ಹೋತಲ್ಲ."

"ಏನ ಮುಗೀತು?"

"ತೊಟ್ಟಿಲಾ. ನೀ ಬರೂತನಕಾ ತಡೀರಿ ಅಂದೆ. ಇವರಿಗೆ ಏನಾಗಿತ್ತೋ, ಗಡಬಡಿಸಿ ಚಂದ್ರಭಾಗಾನ ಕಡೆಯಿಂದ ಹೆಸರ ಹೇಳಿಸಿಬಿಟ್ರು. ಅದೂ ಯಾವ ಹೆಸರು? ರತ್ನಾ ಅಂತ." ಕಲ್ಯಾಣಪ್ಪ ಸಿಟ್ಟಿನಿಂದ ಹೆಂಡತಿ ಸೋನಾಬಾಯಿಯತ್ತ ನೋಡಿದ. "ನಮ್ಮ ಮನಿಯಾಗ ಬದುಕಿದ್ದವರ ಹೆಸರ ಕೂಸಿಗೆ ಇಡಂಗಿಲ್ಲ, ಅಕ್ಕ ಇನ್ನೂ ಗಟ್ಟಿಮುಟ್ಟ ಅದಾಳ ಅಂತ ಬಾಯಿ ಬಡ್ಕೊಂಡೆ. ನನ್ನ ಮಾತ ಯಾರ ಕೇಳ್ತಾರ?"

ರತ್ನಾಬಾಯಿ ನಿಂತಲ್ಲೇ ಸುತ್ತ ನೋಡಿದಳು. ಹೊರಸು ನೋಡಿದಳು. ಮೈಮೇಲಿನ ಬಿಳಿಯ ಚಾದರ ನೋಡಿಕೊಂಡಳು. ಸೋನಾಬಾಯಿಯ ಬಾತುಕೊಂಡ ಕಣ್ಣು ನೋಡಿದಳು.

"ಸೋನಾ, ನಾ ಯಾವಾಗ ಸತ್ತೆ?"

ಸೋನಾಬಾಯಿ ಓಡಿಬಂದು ಆಕೆಯ ಕಾಲು ಹಿಡಿದು ಮತ್ತೆ ಅಳತೊಡಗಿದಳು. ಸಂಗತಿ ತುಂಡು ತುಂಡಾಗಿ ಹೊರಗೆ ಬಂತು. ಮಲಕಾಜಪ್ಪ ಫೋನು ಮಾಡಿದ್ದ: ರತ್ನಾಬಾಯಾರು ಹೋದ್ರು, ಪೊಲೀಸ್ ಬಂದೋಬಸ್ತಿನಾಗ ತರಾಕತ್ತಾರ. ತೊಟ್ಟಿಲು ಕಟ್ಟಿಯಾಗಿತ್ತು, ಹೋಳಿಗೆ ಬೆಂ‍ದಿತ್ತು. ಸುದ್ದಿ ಮನೆಯ ಯಜಮಾನನ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಯಜಮಾನನ ಕಿವಿಗೆ ಸುಲಭವಾಗಿ ಏನೂ ಬೀಳುವುದಿಲ್ಲ ಎನ್ನುವುದನ್ನು ಸೋನಾಬಾಯಿ ಇಷ್ಟು ವರ್ಷ ಶಾಪವೆಂದುಕೊಂಡಿದ್ದಳು. ಅವತ್ತು ಮೊದಲ ಸಲ ಅದು ಉಪಯೋಗಕ್ಕೆ ಬಂತು. ಆತನಿಗೆ ಹೇಳದೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಕೂಸನ್ನು ತೊಟ್ಟಿಲಿಗೆ ಹಾಕಿ, ಮಗಳು ಚಂದ್ರಭಾಗಾಳ ಬಾಯಿಂದ 'ಕುರ್ರ್' ಅನ್ನಿಸಿ, ವಾಡಿಕೆಯಂತೆ ಆಕೆಯ ಬೆನ್ನಿಗೆ ಗುದ್ದಿ, ಹೋದವಳ ಹೆಸರನ್ನೇ ಇಟ್ಟು ಮುಗಿಸಿದ್ದರು. ಸೊಲ್ಲಾಪುರಕ್ಕೆ ಯಾರೂ ಫೋನು ಮಾಡಿರಲಿಲ್ಲ. ಸತ್ತವರ ಮನೆಗೆ ಸತ್ತ ಸುದ್ದಿ ಮುಟ್ಟಿಸುವುದೇನು ಎಂದುಕೊಂಡಿದ್ದರು.

ಅವಿನಾಶ ಕಾರಿಗೆ ಒರಗಿ ನಿಂತು ಕಣ್ಣು ಮುಚ್ಚಿದ. ಗಾಡಿ ಹೋಯಿತು, ಇನ್ನು ಜನ್ಮದಲ್ಲಿ ಟೆಂಪೋ ಎಂದುಕೊಂಡ.

ಹಾಗೇನೂ ಆಗಲಿಲ್ಲ.

"ಹೆಸರ ಬದಲ ಮಾಡೋಣ್ರಿ ಅಕ್ಕಾರ. ನಿಮ್ಮ ಮನಸಿನಾಗ ಯಾವುದದ ಹೇಳ್ರಿ, ಮತ್ತೊಮ್ಮೆ ತೊಟ್ಟಿಲಾ ತೂಗೋಣು," ಎಂದಳು ಸೋನಾಬಾಯಿ.

ರತ್ನಾಬಾಯಿ ಕೂಸನ್ನು ಎತ್ತಿಕೊಂಡು ಅದರ ಮೂಗು, ಕಿವಿ ನೋಡಿದಳು. "ಇರ್ಲಿ. ಇಟ್ಟದ್ದು ಚಂದ ಅದ."

ಆಕೆ ಹೊರಸಿನ ಮೇಲೆಯೇ ಕುಳಿತಳು. ಶೇಂಗಾ ಹೋಳಿಗೆ ತರಿಸಿಕೊಂಡು ಉಂಡಳು. ಉಣ್ಣುತ್ತ ತಾನು ಸತ್ತಾಗ ಯಾರು ಯಾರು ಅತ್ತರು, ಯಾರು ಹೆಚ್ಚು, ಯಾರು ಬರೀ ಸೆರಗು ಮುಖಕ್ಕೆ ಹಿಡಿದಿದ್ದರು ಎಂದು ವಿಚಾರಿಸಿದಳು. ಚಂದ್ರಭಾಗಾ ಅತ್ತಿದ್ದಕ್ಕಿಂತ ಸೋನಾಬಾಯಿ ಹೆಚ್ಚು ಅತ್ತಿದ್ದು ತಿಳಿದು, ನಲವತ್ತು ವರ್ಷ ಮಾತಿಗೆ ಮಾತು ಬೆಳೆಸಿದ ನಾದಿನಿಯ ಕೈ ಹಿಡಿದುಕೊಂಡಳು. "ಸಾಯೋದು ಎಲ್ಲಾರಿಗೂ ಬರ್ತದ. ಸತ್ತ ಮ್ಯಾಲ ಹೋಳಗಿ ತಿನಕೋತ ಕೂತು ಕೇಳೂದು ಯಾರಿಗೆ ಬರ್ತದ?"

ದಾರಿಯಲ್ಲಿ ಕೈ ಮುಗಿದವರ ಮಾತು ಬಂದಾಗಲೂ ಆಕೆಗೆ ಬೇಸರವಾಗಲಿಲ್ಲ. "ಸತ್ತೀನಂತ ತಿಳಕೊಂಡು ಮುಗದಾರ. ಆದ್ರ ಮುಗದದ್ದು ನನಗೇ ಹೌದಲ್ಲ? ಬ್ಯಾರೆ ಯಾರ ಸತ್ರೂ ಕುರುಬ ಕುರಿ ಹೊಡಕೊಂಡು ಹೊಲಕ್ಕ ಇಳೀತಾನೇನು?" ಆಮೇಲೆ ಎಲ್ಲರಿಗೂ ಕೇಳಿಸುವಂತೆ, "ಅದೂ ಇರ್ಲಿ. ಸೊಲ್ಲಾಪುರದಾಗ ನಾ ಜೀವಂತ ಕೂತಿದ್ನಿ. ಲಾರಿಯವ, ಬಸ್ಸಿನವ, ಪಂಕ್ಚರಿನವ, ಎಲ್ಲಾರೂ ಜೀವಂತ ರತ್ನಾಬಾಯಿಗೆ ಕೈ ಎತ್ಯಾರ. ಈ ಗಾಡಿಯಾಗ ಬಂದದ್ದಕ್ಕ ನನಗದು ಗೊತ್ತಾತು. ಶೈಲ್ಯಾ, ನಿನ್ನ ಟೆಂಪೋ ನೀ ಇಟ್ಕೊ."

ಶೈಲೇಶ ಟೆಂಪೋದ ಬಾನೆಟ್ಟನ್ನು ಒರೆಸುತ್ತಿದ್ದ ಅರಿವೆಯಿಂದ ತನ್ನ ಮುಖ ಒರೆಸಿಕೊಂಡ.

ಅವಿನಾಶನಿಗೆ ರೆಕ್ಕೆ ಬಂದವು. ಇನ್ನು ದೀಪದ ಗೊಂದಲವೇ ಬೇಡ ಎಂದು ದೀಪ ಆರಿಸಿ, ಸೋನಾಬಾಯಿಯಿಂದ ಈಳಿಗೆ ಕೇಳಿ ತಂದು, ಮತ್ತೆ ತಲೆಕೆಳಗಾಗಿ ಸ್ಟೇರಿಂಗಿನ ಕೆಳಗೆ ನುಗ್ಗಿ, ಕಿತ್ತಳೆ ತಂತಿಯನ್ನು ಕತ್ತರಿಸಿಬಿಟ್ಟ. ಗೇಜು ಮಲಗಿದರೆ ಮಲಗಲಿ. ಎಂಜಿನ್ನು ಗಟ್ಟಿ ಇದೆ ಎಂದು ದಿನವಿಡೀ ನೋಡಿಯಾಗಿತ್ತು. ಕಾರು ತಿರುಗಿಸಿ, ಹಿಂದಿನ ಬಾಗಿಲು ತಾನೇ ತೆರೆದು ಹಿಡಿದ.

ರತ್ನಾಬಾಯಿ ಹತ್ತಿ ಕುಳಿತಳು. ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡಳು. ಮುಂದೆ ನೋಡಿದಳು. "ಅವಿ, ಬರೂವಾಗ ಮುಂದಿನ ದೀಪ ಹತ್ತಿದ್ದವಲ್ಲ? ಈಗ ಯಾಕಿಲ್ಲ?"

ಅದು ಯಂತ್ರದ ಪ್ರಶ್ನೆ. ಅವಿನಾಶ ಒಂದು ಕ್ಷಣ ತಡೆದ. ಹಾಗೆಂದು ಆಮೇಲೆ ಆತ ಅಪ್ಪನೆದುರು ಆಣೆ ಮಾಡಿ ಹೇಳಲಿದ್ದ. ಆದರೆ ಅಜ್ಜಿ ನಿಜವಾಗಿ ಕೇಳುತ್ತಿದ್ದಳು. ನಡುವೆ ಬಾಯಿ ಹಾಕುವ ಉಮಾಬಾಯಿ ಇರಲಿಲ್ಲ.

"ಅದು ಏನಂದ್ರ ಆಯಿ," ಎಂದು ಆತ ಬಾಗಿಲ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತ. "ಗೇಜಿಗೆ ಒಂದು ಕಿತ್ತಳಿ ತಂತಿ ಇರ್ತದ. ಅದನ್ನ ಚಾವಿ ಕರೆಂಟಿಗೆ ಜೋಡಿಸಬೇಕು. ನಾ ತಪ್ಪಿ ಹೆಡ್‌ಲೈಟಿನ ತಂತಿಗೆ ಜೋಡಿಸಿದ್ನಿ."

"ಹೂಂ."

"ಹಿಂಗಾಗಿ ದೀಪ ಹಚ್ಚಿದ್ರ ಅಷ್ಟ ಗೇಜು ನಡೀತಿದ್ವು. ಗೇಜು ನೋಡೂ ಸಲುವಾಗಿ ಹಗಲಾಗೂ ದೀಪ ಹಚ್ಚಬೇಕಾತು."

"ಹೂಂ. ಮುಂದ?"

ಆತನ ಆಯುಷ್ಯದಲ್ಲಿ ಯಾರೂ 'ಮುಂದ?' ಎಂದಿರಲಿಲ್ಲ. ಅವಿನಾಶನ ಕಣ್ಣು ಹೊಳೆದವು.

"ಹಗಲಾಗ ದೀಪ ಹತ್ತಿದ್ರ ರಸ್ತೆದಾಗಿನ ಮಂದಿ ಸುಮ್ಮನ ಬಿಡ್ತಾರೇನು? ದೀಪ ಆರಸು ಅಂತ ಹೇಳ್ತಾರ. ಲಾರಿಯವ, ಬಸ್ಸಿನವ, ಪಂಕ್ಚರಿನವ, ಎಲ್ಲಾರೂ ಹಿಂಗ..."

ಅವಿನಾಶ ಕೈ ಎತ್ತಿದ. ಐದೂ ಬೆರಳು ಕೂಡಿಸಿದ. ಬಿಚ್ಚಿದ.

ಬಿಚ್ಚಿದ ಬೆರಳು ಗಾಳಿಯಲ್ಲೇ ನಿಂತವು. ಅವನ್ನು ಮತ್ತೆ ಒಳಗೆ ಎಳೆದುಕೊಳ್ಳುವುದು ಹೇಗೆಂದು ಯಾವ ವಿಡಿಯೋದಲ್ಲಿಯೂ ಹೇಳಿರಲಿಲ್ಲ. ರತ್ನಾಬಾಯಿ ಆ ಕೈಯನ್ನೇ ನೋಡುತ್ತಿದ್ದಳು. ಬೆಳಗಿನಿಂದ ಎಷ್ಟು ಕೈಗಳಿಗೆ ತಾನು ಕೈ ಜೋಡಿಸಿದ್ದೆ ಎನ್ನುವುದನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಿರುವಂತೆ ಆಕೆಯ ತುಟಿ ಅಲ್ಲಾಡಿದವು. ಸತ್ತ ಸುದ್ದಿ ಕೇಳಿದಾಗ ಕಾಣಿಸದ ಬಣ್ಣವೊಂದು ಆಕೆಯ ಮುಖಕ್ಕೆ ಈಗ ಬಂದಿತ್ತು.

"ಪಂಕ್ಚರಿನವ ಎರಡೂ ಕೈ ಎತ್ತಿದ್ದ," ಎಂದಳು.

"ಎರಡ ದೀಪ ಇರ್ತಾವಲ್ಲ ಆಯಿ," ಎಂದುಬಿಟ್ಟ ಅವಿನಾಶ.

ರತ್ನಾಬಾಯಿ ಕೋಲು ಊರಿ ಕೆಳಗಿಳಿದಳು. ಅಂಗಳ ದಾಟಿ ಬೇವಿನ ಗಿಡದ ಕೆಳಗೆ ಹೋಗಿ ಟೆಂಪೋದ ಮುಂದೆ ನಿಂತಳು. ಶೈಲೇಶ ಓಡಿಬಂದು ಒಂದು ಮಣೆ ಇಟ್ಟು ಆಕೆಯನ್ನು ಮುಂದಿನ ಸೀಟಿಗೆ ಹತ್ತಿಸಿದ. ಆಮೇಲೆ ಆತ ನಿಧಾನವಾಗಿ ನೀಲಿ ಕಾರಿನ ಹತ್ತಿರ ಬಂದು, ಕಿಟಕಿಯೊಳಗೆ ತಲೆ ಹಾಕಿ, ವಿಭೂತಿ ಬಳಿದ ಮೂರು ಗೇಜನ್ನು ಮುಟ್ಟಿ ನೋಡಿದ. "ಇವೂ ಗಾಡಿ ಜೊತೀಗೇ ಬರ್ತಾವಲ್ಲ?"

ಅವಿನಾಶ ಕತ್ತರಿಸಿದ ಕಿತ್ತಳೆ ತಂತಿಯ ತುಂಡು ಕೈಯಲ್ಲಿ ಹಿಡಿದುಕೊಂಡು ಟೆಂಪೋದ ಕಿಟಕಿಯ ಕೆಳಗೆ ಬಂದು ನಿಂತ.

"ಆಯಿ, ಕೇಳು. ತಂತಿ ಮತ್ತ ಜೋಡಿಸ್ತೀನಿ. ದೀಪ ಹಚ್ಚಿಕೊಂಡೇ ಹೋಗೋಣ. ಸೊಲ್ಲಾಪುರ ಮುಟ್ಟೂತನಕಾ ಎಲ್ಲಾರೂ ಕೈ ಎತ್ತತಾರ. ಯಾವಾಗಲೂ ಹಚ್ಚೇ ಇಡ್ತೀನಿ. ಬಾ."

ರತ್ನಾಬಾಯಿ ಮುಂಗಾಜಿನಾಚೆ ನೇರವಾಗಿ ನೋಡುತ್ತ ಕುಳಿತಿದ್ದಳು.

"ನಾ ಒಲ್ಲೆ," ಎಂದಳು.